ಚಾಕ್ ಹಿಡಿದ ಕೈಯಲ್ಲೇ ಬಿಲ್ಲು

ಓದುಗರ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದವರು ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಪಿಎಚ್‌ಡಿ ಜೊತೆಗೆ ಬಿಎಸ್ಸಿ ಮಕ್ಕಳಿಗೆ ಪ್ರಾಕ್ಟಿಕಲ್ ಮತ್ತು ಟ್ಯುಟೋರಿಯಲ್ ತೆಗೆದುಕೊಳ್ಳುತ್ತಾರೆ. ಗುರಿ ತೋರಿಸುವ ಸೈಟ್, ಅಲುಗಾಟ ತಡೆಯುವ ಸ್ಟೆಬಿಲೈಸರ್ ಯಾವುದೂ ಇಲ್ಲದ ಸಾದಾ ಬಿಲ್ಲಿನಲ್ಲಿ ಬಾಣ ಬಿಡುತ್ತಾರೆ.

ಪ್ರಶ್ನೆ: ಮೇಡಂ, ಒಂದು ಕಡೆ ಪಿಎಚ್‌ಡಿ, ಒಂದು ಕಡೆ ಪಾಠ, ಅದರ ಮೇಲೆ ಬಿಲ್ಲು. ದಿನಕ್ಕೆ ಇರೋದು 24 ಗಂಟೆ ಅಲ್ವಾ? ಹೇಗೆ ಹೊಂದಿಸುತ್ತೀರಿ? ನಿಮ್ಮ ಟೈಮ್‌ಟೇಬಲ್ ಕೊಟ್ಟರೆ ಉಪಕಾರವಾಗುತ್ತದೆ.
— ಎಂಎಸ್ಸಿ ಓದುತ್ತಿರುವ ಓದುಗ

ಉತ್ತರ: ಟೈಮ್‌ಟೇಬಲ್ ಕೊಡಬಹುದು, ಆದರೆ ಅದು ಮುಂದಿನ ವಾರಕ್ಕೆ ನನಗೇ ಕೆಲಸಕ್ಕೆ ಬರುವುದಿಲ್ಲ. ಗೈಡ್ ಒಂದು ಮೀಟಿಂಗ್ ಕರೆದರೆ ಸಾಕು, ಎಲ್ಲ ಅಡಿಮೇಲು. ಅದಕ್ಕೇ ನಾನು ಗಂಟೆ ಹಂಚುವ ಗೋಜಿಗೆ ಹೋಗುವುದಿಲ್ಲ. ನಾನು ಹಂಚುವುದು ದಣಿವನ್ನು.

ಬಿಡಿಸಿ ಹೇಳುತ್ತೇನೆ. ನನ್ನ ಕೆಲಸದಲ್ಲಿ ಮೂರು ಬಗೆಯ ದಣಿವು ಇದೆ. ಪ್ರಾಕ್ಟಿಕಲ್ ದಿನ ಮೂರು ಗಂಟೆ ನಿಂತೇ ಇರಬೇಕು. ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಓಡಾಟ, ಬಗ್ಗಿ ವರ್ನಿಯರ್ ನೋಡುವುದು, ಮತ್ತೆ ಮತ್ತೆ ಅದೇ ಮಾತು. ಅಂದು ಕಾಲು, ಸೊಂಟ, ಗಂಟಲು ಸೋಲುತ್ತವೆ. ರೆಕಾರ್ಡ್ ಪುಸ್ತಕ ತಿದ್ದುವ ದಿನ ಕಣ್ಣು ಮತ್ತು ಬೆರಳು ಸೋಲುತ್ತವೆ. ನನ್ನದೇ ಸಂಶೋಧನೆಯ ದಿನ, ಅಂದರೆ ಓಡದ ಪ್ರೋಗ್ರಾಮಿನ ಮುಂದೆ ಕೂತ ದಿನ, ತಲೆ ಸೋಲುತ್ತದೆ. ಮೈ ಮಾತ್ರ ಇದ್ದ ಹಾಗೇ ಇರುತ್ತದೆ.

ಈಗ ಬಿಲ್ಲಿಗೆ ಏನು ಬೇಕು ನೋಡಿ. ಗಟ್ಟಿ ನಿಂತ ಕಾಲು, ದಣಿಯದ ಭುಜ ಮತ್ತು ಬೆನ್ನು, ದೂರ ನೋಡಬಲ್ಲ ಕಣ್ಣು. ತಲೆ ಅಷ್ಟೇನೂ ಚುರುಕಾಗಿರಬೇಕಿಲ್ಲ, ಒಂದೇ ಒಂದು ವಿಷಯ ಹಿಡಿದುಕೊಂಡರೆ ಸಾಕು. ಹಾಗಾಗಿ ಪ್ರಾಕ್ಟಿಕಲ್ ಇರುವ ದಿನ ಬೆಳಿಗ್ಗೆಯೇ ಬಾಣ ಬಿಟ್ಟು ಹೋಗುತ್ತೇನೆ. ಪ್ರೋಗ್ರಾಮಿನ ದಿನ ಸಂಜೆ. ತಿದ್ದುವ ದಿನ ಬಿಲ್ಲು ಚೀಲದಿಂದ ಹೊರಗೆ ಬರುವುದೇ ಇಲ್ಲ. ಇಷ್ಟೇ ನನ್ನ ಲೆಕ್ಕ.

ಇನ್ನೂ ಒಂದು ವಿಚಾರ ಇದೆ, ಯಾರೂ ಹೇಳುವುದಿಲ್ಲ. ಬೋರ್ಡಿನ ಮೇಲೆ ಕೈ ಎತ್ತಿ ಬರೆಯುವುದು ಭುಜಕ್ಕೆ ಭಾರ. ನಾನು ಬರೆಯುವುದು ಬಲಗೈಯಲ್ಲಿ, ಬಿಲ್ಲು ಹಿಡಿಯುವುದೂ ಬಲಗೈಯಲ್ಲೇ (ಯಾಕೆ ಎಂದು ಮುಂದೆ ಹೇಳುತ್ತೇನೆ). ಆದ್ದರಿಂದ ಬೋರ್ಡಿನ ಮೇಲಿನ ಭಾಗ ಖಾಲಿ ಬಿಟ್ಟು, ಎದೆಯ ಮಟ್ಟದಿಂದ ಕೆಳಗೆ ಬರೆಯುತ್ತೇನೆ. ಕೊನೆಯ ಬೆಂಚಿನವರು ಶುರುವಿನಲ್ಲಿ ಗೊಣಗಿದರು. ಅಕ್ಷರ ದಪ್ಪ ಮಾಡಿದೆ, ಸುಮ್ಮನಾದರು.

ಎರಡೂ ಕೆಲಸ ಒಟ್ಟಿಗೆ ಆಗುವುದು ಒಂದೇ ಕಡೆ: ಬಾಣಕ್ಕೆ ಗರಿ ಅಂಟಿಸುವಾಗ. ನನ್ನ ಹತ್ತಿರ ಇರುವ ಜಿಗ್, ಅಂದರೆ ಗರಿಯನ್ನು ಬಾಣಕ್ಕೆ ಒತ್ತಿ ಹಿಡಿಯುವ ಉಪಕರಣ, ಒಂದು ಸಲಕ್ಕೆ ಒಂದೇ ಗರಿ ಹಿಡಿಯುತ್ತದೆ. ಅಂಟು ಕಚ್ಚುವ ತನಕ ಅದನ್ನು ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಒಂದೆರಡು ರೆಕಾರ್ಡ್ ಪುಸ್ತಕ ಮುಗಿಯುತ್ತವೆ. ಆಮೇಲೆ ಬಾಣ ತಿರುಗಿಸಿ ಮುಂದಿನ ಗರಿ, ಮುಂದಿನ ಪುಸ್ತಕ. ಒಂದು ಬಾಣಕ್ಕೆ ಮೂರು ಗರಿ, ಮೂರೂ ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡದ್ದೂ ಬಲದ್ದೂ ಬೆರೆಸಿದರೆ ಗರಿಗಳ ಬಾಗು ಒಂದಕ್ಕೊಂದು ಎದುರಾಗುತ್ತದೆ, ಬಾಣ ನೆಟ್ಟಗೆ ಹೋಗುವುದಿಲ್ಲ. ತಿದ್ದುವ ಕೆಲಸ ಬೇಸರ ಅನ್ನುವವರಿಗೆ ಈ ಜಿಗ್ಗನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ಪ್ರಶ್ನೆ: ಸಾಂಪ್ರದಾಯಿಕ ಬಿಲ್ಲು ಎಂದರೆ ನಿಖರವಾಗಿ ಯಾವುದು? ಮರದ್ದೇ ಆಗಿರಬೇಕೆ?
— ಒಬ್ಬ ಓದುಗರು

ಉತ್ತರ: ಮರದ್ದೇ ಆಗಬೇಕೆಂದಿಲ್ಲ. ಟರ್ಕಿಯವರ ಹಳೆಯ ಬಿಲ್ಲು ಮರ, ಕೊಂಬು, ಪ್ರಾಣಿಯ ಸ್ನಾಯುನಾರು ಮೂರನ್ನೂ ಸೇರಿಸಿ ಮಾಡಿದ್ದು. ಅಲ್ಲಿನ ಬಿಲ್ವಿದ್ಯೆ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಜಪಾನಿನ ಬಿಲ್ಲು ಎರಡು ಮೀಟರಿಗಿಂತ ಉದ್ದ, ಹಿಡಿ ನಡುವೆ ಇರದೆ ಕೆಳಗಿರುತ್ತದೆ. ಕೊರಿಯಾದವರು ಇಂದಿಗೂ 145 ಮೀಟರ್ ದೂರದ ಹಲಗೆಗೆ ಗುರಿ ಇಡುತ್ತಾರೆ. ಇವೆಲ್ಲ ಬೇರೆ ಬೇರೆ ಕುಲ. ನಾವು ಸ್ನೇಹಿತರು ಸೇರಿದಾಗ ಇಟ್ಟುಕೊಂಡಿರುವ ಅಳತೆ ಸುಲಭ: ಗುರಿ ತೋರಿಸುವ ಸೈಟ್ ಇಲ್ಲ, ಬಿಡು ಎಂದು ಸದ್ದು ಮಾಡುವ ಕ್ಲಿಕರ್ ಇಲ್ಲ, ಉದ್ದ ಕೋಲಿನ ಸ್ಟೆಬಿಲೈಸರ್ ಇಲ್ಲ, ಚಕ್ರ ಇಲ್ಲ. ನನ್ನದು ಮರದ ಹಿಡಿ, ಮರ ಮತ್ತು ಫೈಬರ್‌ಗ್ಲಾಸ್ ಪದರದ ರೆಕ್ಕೆಗಳ (ಹಿಡಿಯ ಮೇಲೆ, ಕೆಳಗೆ ಬಾಗುವ ಭಾಗಗಳು) ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಮೂರು ತುಂಡಾಗಿ ಬಿಚ್ಚಬಹುದು, ಲ್ಯಾಪ್‌ಟಾಪ್ ಚೀಲದ ಪಕ್ಕದಲ್ಲಿ ಕೂರುತ್ತದೆ. ಕಟ್ಟಾ ಸಂಪ್ರದಾಯಸ್ಥರು ಫೈಬರ್‌ಗ್ಲಾಸ್ ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ.

ಪ್ರಶ್ನೆ: ವಾರವಿಡೀ ಕಾಲೇಜಿನಲ್ಲಿ ಪಾಠ. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂಡಿಸಿ ಅಭ್ಯಾಸ ಮಾಡಿದರೆ ಸಾಲದೇ?
— ಅತಿಥಿ ಉಪನ್ಯಾಸಕ

ಉತ್ತರ: ಸಾಲದು ಸರ್. ನನ್ನ ಮಾತು ಬಿಡಿ, ಬ್ರಿಟನ್ನಿನ ಅಂಚೆ ನೌಕರರನ್ನು ಕೇಳಿ. ಅವರಿಗೆ ಟೈಪಿಂಗ್ ಕಲಿಸಬೇಕಿತ್ತು. ಆಲನ್ ಬ್ಯಾಡ್ಲಿ ಮತ್ತು ಡಿ. ಜೆ. ಎ. ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಅವರನ್ನು ಗುಂಪು ಮಾಡಿ ಕಲಿಸಿ ನೋಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೊಂದು ಗುಂಪಿಗೆ ಎರಡು ಗಂಟೆಯ ಪಾಠ ದಿನಕ್ಕೆ ಎರಡು ಸಲ. 1978ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟು ಗಂಟೆಗಳು ಕಡಿಮೆ ಸಾಕಾದವು. ಆದರೆ ದಿನಗಳು ಜಾಸ್ತಿ ಹಿಡಿದವು. ತಮಾಷೆ ಎಂದರೆ, ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದ ಆ ಗುಂಪಿಗೇ ಎಲ್ಲರಿಗಿಂತ ಅಸಮಾಧಾನ. ತಾವು ಹಿಂದೆ ಬಿದ್ದಿದ್ದೇವೆ ಅಂತ ಅನ್ನಿಸುತ್ತಿತ್ತಂತೆ.

ಟೈಪಿಂಗ್ ಬೇರೆ, ಬಿಲ್ಲು ಬೇರೆ, ಒಪ್ಪುತ್ತೇನೆ. ಆದರೆ ಬಿಲ್ಲಿನಲ್ಲಿ ಇನ್ನೂ ಒಂದು ತೊಂದರೆ ಸೇರಿಕೊಳ್ಳುತ್ತದೆ. ನಾಲ್ಕು ಗಂಟೆಯ ಅಭ್ಯಾಸದಲ್ಲಿ ಕೊನೆಯ ಎರಡು ಗಂಟೆ ದಣಿದ ಭುಜದಲ್ಲಿ ಎಳೆಯುತ್ತೀರಿ. ದಣಿದಾಗ ಹೇಗೆ ಎಳೆಯುತ್ತೀರೋ ಅದನ್ನೇ ಮೈ ಕಲಿಯುತ್ತದೆ. ಭಾನುವಾರ ಮನಸ್ಸಿಗೆ ಖುಷಿಯಾಗಿರುತ್ತದೆ, ಸೋಮವಾರ ಡಸ್ಟರ್ ಎತ್ತಲು ಕೈ ಬರುವುದಿಲ್ಲ. ಅದರ ಬದಲು ವಾರದಲ್ಲಿ ಮೂರು ನಾಲ್ಕು ಸಲ ಅರ್ಧ ಗಂಟೆ ಸಿಗುತ್ತದಾ ನೋಡಿ. ಮೈದಾನಕ್ಕೆ ಹೋಗಲಾಗದಿದ್ದರೆ ಮನೆಯಲ್ಲಿ ಬಿಲ್ಲು ಎಳೆದು, ಹಿಡಿದು, ಮೆಲ್ಲಗೆ ಇಳಿಸಿ. ಬಾಣ ಬಿಡುವುದೇನೂ ಬೇಡ. ಭಾನುವಾರ ಹೋಗಲೇಬೇಡಿ ಎನ್ನುತ್ತಿಲ್ಲ, ಹೋಗಿ. ಒಂದೂವರೆ ಗಂಟೆಗೆ ನಿಲ್ಲಿಸಿ, ಉಳಿದವರು ಬಿಡುವುದನ್ನು ಕೂತು ನೋಡಿ.

ಪ್ರಶ್ನೆ: ಅಕ್ಕಾ, ನನ್ನ ಗೈಡ್‌ಗೆ ನಾನು ಬಿಲ್ಲು ಹಿಡಿಯುವುದು ಇಷ್ಟವಿಲ್ಲ. "ಇದೆಲ್ಲ ಥೀಸಿಸ್ ಮುಗಿದ ಮೇಲೆ" ಎನ್ನುತ್ತಾರೆ. ಏನು ಹೇಳಲಿ?
— ಇಂಗ್ಲಿಷ್ ವಿಭಾಗದ ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಇಂಗ್ಲಿಷ್ ವಿಭಾಗದವರಿಗೇ ಈ ಕಷ್ಟ ಬಂದಿದ್ದು ನೋಡಿ ನಗು ಬಂತು. ನಿಮ್ಮ ಕಡೆಯವರೇ ಒಬ್ಬರು ಹತ್ತಿರ ಹತ್ತಿರ ಐನೂರು ವರ್ಷದ ಹಿಂದೆ ಇದೇ ಮಾತು ಕೇಳಿಸಿಕೊಂಡಿದ್ದರು.

ರೋಜರ್ ಆ್ಯಸ್ಕಮ್ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಗ್ರೀಕ್ ಕಲಿಸುತ್ತಿದ್ದರು. ಬಿಲ್ಲು ಎಂದರೆ ಪ್ರಾಣ. ಓದುವವನಿಗೆ ಇದೆಲ್ಲ ಯಾಕೆ ಎಂದು ಜನ ಆಡಿಕೊಂಡರು. ಅವರು ಸುಮ್ಮನೆ ಕೂರಲಿಲ್ಲ, ಒಂದು ಪುಸ್ತಕವನ್ನೇ ಬರೆದರು. ವಿದ್ವಾಂಸರು ಲ್ಯಾಟಿನ್ ಬರೆಯುತ್ತಿದ್ದ ಕಾಲದಲ್ಲಿ ಇಂಗ್ಲಿಷಿನಲ್ಲಿ ಬರೆದರು. ಬಿಲ್ಲುಗಾರ ಒಬ್ಬ, ಪುಸ್ತಕದ ಹುಳು ಒಬ್ಬ, ಇಬ್ಬರ ಮಾತುಕತೆ ಅದು. ಓದುವವರ ಬಿಡುವಿಗೆ ಬಿಲ್ಲಿಗಿಂತ ಒಳ್ಳೆಯದಿಲ್ಲ ಎಂಬುದು ವಾದ. 1545ರಲ್ಲಿ ಅದನ್ನು ದೊರೆ ಎಂಟನೇ ಹೆನ್ರಿಗೆ ಒಪ್ಪಿಸಿದರು. ದೊರೆ ಮೆಚ್ಚಿ ವರ್ಷಕ್ಕೆ 10 ಪೌಂಡ್ ಗೌರವಧನ ಕೊಟ್ಟ. ಮೂರು ವರ್ಷ ಕಳೆದು ಅವನ ಮಗಳು ಎಲಿಜಬೆತ್‌ಗೆ, ಮುಂದೆ ರಾಣಿಯಾದವಳಿಗೆ, ಇವರೇ ಮೇಷ್ಟ್ರಾದರು.

ನನಗೆ ಈ ಮನುಷ್ಯ ಇಷ್ಟವಾಗುವುದು ಆ ಗೌರವಧನಕ್ಕಾಗಿ ಅಲ್ಲ. ಒಮ್ಮೆ ಹಿಮ ಬಿದ್ದ ಬಯಲಲ್ಲಿ ಕುದುರೆ ಮೇಲೆ ಹೋಗುವಾಗ, ಗಾಳಿ ಪುಡಿ ಹಿಮವನ್ನು ಎಳೆದುಕೊಂಡು ಹೋಗುವುದನ್ನು ಇವರು ನೋಡುತ್ತಾರೆ. ಗಾಳಿ ಕಣ್ಣಿಗೆ ಕಾಣಿಸುವುದು ಅಪರೂಪ ಅಲ್ವಾ? ಒಂದು ಕಡೆ ಹಿಮ ಓಡುತ್ತಿದೆ, ಪಕ್ಕದಲ್ಲೇ ನಿಂತಿದೆ, ಇನ್ನೊಂದು ಕಡೆ ಸುತ್ತುತ್ತಿದೆ. ಬಾಣ ಯಾಕೆ ಪಕ್ಕಕ್ಕೆ ಸರಿಯುತ್ತದೆ ಎಂಬುದಕ್ಕೆ ಅದನ್ನೆಲ್ಲ ಕೂತು ಬರೆದಿಟ್ಟಿದ್ದಾರೆ. ಗ್ರೀಕ್ ಮೇಷ್ಟ್ರು ಮಾಡಿದ ಅಪ್ಪಟ ಭೌತಶಾಸ್ತ್ರ. ಬಿಲ್ಲುಗಾರಿಕೆಯನ್ನು ಅವರು ಐದು ಭಾಗ ಮಾಡುತ್ತಾರೆ: ನಿಲ್ಲುವುದು, ಬಾಣ ಹೂಡುವುದು, ಎಳೆಯುವುದು, ಹಿಡಿಯುವುದು, ಬಿಡುವುದು. ಇವತ್ತು ಹೊಸಬರಿಗೆ ಕಲಿಸುವಾಗಲೂ ಹೆಚ್ಚುಕಡಿಮೆ ಇದೇ ಕ್ರಮ.

ಆದರೆ ಇದನ್ನೆಲ್ಲ ನಿಮ್ಮ ಗೈಡ್‌ಗೆ ಹೇಳಲು ಹೋಗಬೇಡಿ. ಹೇಳಿದ ದಿನಕ್ಕೆ ಒಂದು ಅಧ್ಯಾಯ ತಂದುಕೊಡಿ. ಎರಡು ಸಲ ಹಾಗೆ ಮಾಡಿದ ಮೇಲೆ ನೀವು ಸಂಜೆ ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು ಮಾತು. ಬಿಲ್ಲನ್ನು ವಿಭಾಗಕ್ಕೆ ತರುವ ಮುನ್ನ ಬರಹದಲ್ಲಿ ಅನುಮತಿ ಕೇಳಿ. ಬಹಳ ಕಡೆ ಕ್ಯಾಂಪಸ್ಸಿನ ನಿಯಮದಲ್ಲಿ ಅದು ಆಯುಧ. ಗೈಡ್ ಮುನಿಸಿಕೊಂಡರೆ ನಿಭಾಯಿಸಬಹುದು, ಸೆಕ್ಯುರಿಟಿಯವರ ಹತ್ತಿರ ಆಗುವುದಿಲ್ಲ.

ಪ್ರಶ್ನೆ: ನಾನು ಬಲಗೈಯವನು. ಆದರೆ ನನ್ನ ಕೋಚ್ "ನಿನಗೆ ಎಡಗಣ್ಣು ಮುಂದು, ಎಡಗೈ ಬಿಲ್ಲು ತಗೋ" ಎನ್ನುತ್ತಿದ್ದಾರೆ. ಏನಿದು?
— ಪದವಿ ವಿದ್ಯಾರ್ಥಿ

ಉತ್ತರ: ನನ್ನದೂ ಅದೇ ಕತೆ. ಎರಡೂ ಕೈ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಒಂದು ವಸ್ತುವನ್ನು ಎರಡೂ ಕಣ್ಣು ತೆರೆದು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಅದು ಕಿಂಡಿಯಲ್ಲೇ ಉಳಿಯಿತೋ ಅದೇ ನಿಮ್ಮ ಮುಂದಿನ ಕಣ್ಣು, ಅಂದರೆ ಗುರಿ ನೋಡುವಾಗ ಮುಂದಾಳಾಗುವ ಕಣ್ಣು. ಸೈಟ್ ಇದ್ದರೆ ಒಂದು ಕಣ್ಣು ಮುಚ್ಚಿಯಾದರೂ ಸುಧಾರಿಸಬಹುದು. ಸೈಟ್ ಇಲ್ಲದ ಬಿಲ್ಲಿನಲ್ಲಿ ಬಾಣ ಮುಂದಿನ ಕಣ್ಣಿನ ಕೆಳಗೇ ಇದ್ದರೆ ಬಹಳ ಅನುಕೂಲ. ಹಾಗಾಗಿ ನಾನು ಎಡಗೈಯಲ್ಲಿ ಎಳೆಯುತ್ತೇನೆ, ಬಲಗೈಯಲ್ಲಿ ಬಿಲ್ಲು ಹಿಡಿಯುತ್ತೇನೆ. ಇನ್ನೂ ಶುರುವಿನಲ್ಲಿದ್ದೀರಿ ಎಂದರೆ ಕೋಚ್ ಮಾತು ಕೇಳಿ. ಲಾಭವೂ ಇದೆ: ಪರೀಕ್ಷೆ ಬರೆದು ಬೆರಳು ನೋವಾಗಿದ್ದರೂ ಎಳೆಯುವ ಬೆರಳು ಹೊಸದಾಗಿರುತ್ತದೆ.

ಪ್ರಶ್ನೆ: ಬಿಲ್ಲನ್ನು ಪಾಠದಲ್ಲಿ ಬಳಸಿಕೊಳ್ಳುತ್ತೀರಾ? ಮಕ್ಕಳಿಗೆ ಆಸಕ್ತಿ ಬರಬಹುದು.
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಉತ್ತರ: ಬಿಲ್ಲನ್ನು ತರಗತಿಗೆ ತರುವುದಿಲ್ಲ ಮೇಡಂ, ಅದರ ಅಂಕಿಗಳನ್ನು ತರುತ್ತೇನೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ತಂತಿಗೆ ಸಿಕ್ಕಿಸಿ, ಒಂದೊಂದು ಇಂಚು ಎಳೆದಾಗ ಎಷ್ಟು ಬಲ ಬೇಕು ಎಂದು ಬರೆದುಕೊಂಡೆ. ಆ ಪಟ್ಟಿ ಮಕ್ಕಳ ಕೈಗೆ ಕೊಟ್ಟು ಗ್ರಾಫ್ ಹಾಕಿಸಿದೆ. ಸ್ಪ್ರಿಂಗಿನ ಗ್ರಾಫ್ ನೆಟ್ಟಗಿನ ಗೆರೆ. ಬಿಲ್ಲಿನದು ಹತ್ತಿರ ಹತ್ತಿರ ನೆಟ್ಟಗೆ, ಆದರೆ ಪೂರ್ತಿ ಅಲ್ಲ. "ಮಿಸ್, ನಮ್ಮ ಗ್ರಾಫ್ ತಪ್ಪಾ?" ಎಂದು ಒಬ್ಬಳು ಕೇಳಿದಳು. ತಪ್ಪಲ್ಲ, ಬಿಲ್ಲು ಪುಸ್ತಕದ ಸ್ಪ್ರಿಂಗ್ ಅಲ್ಲ ಎಂದೆ. ಅದೇ ಆ ದಿನದ ಪಾಠ.

ಆಮೇಲೆ ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿದರು. ಅದೇ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ. ನನ್ನ ಬಿಲ್ಲು 35 ಪೌಂಡ್, ಅಂದರೆ ಪೂರ್ತಿ ಎಳೆದಾಗ ಬೆರಳ ಮೇಲೆ ಸುಮಾರು 16 ಕೆಜಿ ಭಾರ. ತಂತಿ ಹಿಂದಕ್ಕೆ ಬರುವುದು 45 ಸೆಂಟಿಮೀಟರ್. ಲೆಕ್ಕ ಹಾಕಿದರೆ ಸುಮಾರು 35 ಜೂಲ್. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬಾಣಕ್ಕೆ ಹೋಗುತ್ತದೆ ಎಂದುಕೊಂಡರೆ, 23 ಗ್ರಾಮಿನ ಬಾಣ ಸೆಕೆಂಡಿಗೆ 46 ಮೀಟರ್ ವೇಗದಲ್ಲಿ ಹೊರಡುತ್ತದೆ. 18 ಮೀಟರ್ ದಾಟಲು ಅರ್ಧ ಸೆಕೆಂಡೂ ಬೇಡ. ಅಷ್ಟರಲ್ಲೇ ಗುರುತ್ವ ಅದನ್ನು ಮುಕ್ಕಾಲು ಮೀಟರ್ ಕೆಳಗೆ ಎಳೆದಿರುತ್ತದೆ. ಈ ಮುಕ್ಕಾಲು ಮೀಟರ್ ಕೇಳಿ ಮಕ್ಕಳು ನಂಬಲಿಲ್ಲ. ಅವರೇ ಲೆಕ್ಕ ಮಾಡಿದ ಮೇಲೆ ನಂಬಿದರು.

ಇಲ್ಲಿಂದ ಒಂದು ಎಚ್ಚರಿಕೆಯೂ ತಾನಾಗಿ ಬರುತ್ತದೆ. ಬಾಣ ಇಲ್ಲದೆ ತಂತಿ ಬಿಟ್ಟರೆ ಆ 35 ಜೂಲ್ ಎಲ್ಲಿಗೆ ಹೋಗಬೇಕು? ಬಿಲ್ಲಿನ ರೆಕ್ಕೆಗಳಿಗೇ ಹೋಗುತ್ತದೆ. ಬಿರುಕು ಬಿಡಬಹುದು, ಸಿಡಿಯಲೂಬಹುದು. "ಖಾಲಿ ತಂತಿ ಬಿಡಬೇಡಿ" ಎಂದು ಸುಮ್ನೆ ಹೇಳಿದರೆ ಮಕ್ಕಳು ಮರೆಯುತ್ತಾರೆ. ಚೌಕ ಎಣಿಸಿದವರು ಮರೆಯುವುದಿಲ್ಲ.

ಬಾಣ ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹೋಗುವ ಸೋಜಿಗ ಗೊತ್ತಿದೆಯಾ? ಅದನ್ನು ಆರ್ಚರ್ಸ್ ಪ್ಯಾರಡಾಕ್ಸ್ ಎನ್ನುತ್ತಾರೆ. ತಂತಿ ತಳ್ಳಿದಾಗ ಬಾಣ ಹಾವಿನಂತೆ ಬಳುಕಿ, ಹಿಡಿಗೆ ತಾಗದೆ ದಾಟಿ, ಮುಂದೆ ನೆಟ್ಟಗಾಗುತ್ತದೆ. ಅದಕ್ಕೇ ಬಾಣದ ಬಿಗಿ ಬಿಲ್ಲಿನ ಬಲಕ್ಕೆ ಹೊಂದಬೇಕು. ತೀರ ಬಿಗಿಯಾದರೆ ಒಂದು ಬದಿಗೆ, ತೀರ ಮೆದುವಾದರೆ ಇನ್ನೊಂದು ಬದಿಗೆ ಹೋಗುತ್ತದೆ. ಬೆಲ್ ಲ್ಯಾಬ್ಸ್‌ನ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಇದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಅವರ ಜೊತೆಗಾರ ಪಾಲ್ ಕ್ಲಾಪ್‌ಸ್ಟೆಗ್ ನನಗೆ ಇನ್ನೂ ಹತ್ತಿರದವರು. ಭೌತಶಾಸ್ತ್ರಜ್ಞ, ಬಿಲ್ಲುಗಾರ, ಟರ್ಕಿಯ ಬಿಲ್ಲಿನ ಬಗ್ಗೆ 1934ರಲ್ಲೇ ಪುಸ್ತಕ ಬರೆದವರು. ಅಮೆರಿಕದ ಭೌತಶಾಸ್ತ್ರ ಶಿಕ್ಷಕರ ಸಂಘ ಇಂದಿಗೂ ಅವರ ಹೆಸರಿನಲ್ಲಿ ಒಂದು ಉಪನ್ಯಾಸ ಪ್ರಶಸ್ತಿ ಕೊಡುತ್ತದೆ. ಬಿಲ್ಲು ಮತ್ತು ಪಾಠ ಎರಡನ್ನೂ ಹಿಡಿದವರು ನಾವೇ ಮೊದಲಲ್ಲ ಮೇಡಂ.

ಪ್ರಶ್ನೆ: ಬಿಲ್ಲುಗಾರಿಕೆಯಿಂದ ಏಕಾಗ್ರತೆ ಹೆಚ್ಚಿ ಓದು ಸುಧಾರಿಸುತ್ತದೆ ಎನ್ನುತ್ತಾರೆ. ನಿಮ್ಮ ಅನುಭವ?
— ಒಬ್ಬ ತಂದೆ

ಉತ್ತರ: ಬಿಲ್ಲು ಹಿಡಿದಾಗ ಬಿಲ್ಲಿನ ಮೇಲೆ ಏಕಾಗ್ರತೆ ಬರುತ್ತದೆ. ಥರ್ಮೋಡೈನಮಿಕ್ಸ್ ಮೇಲೆ ಬರುವುದಿಲ್ಲ. ಮಗನಿಗೆ ಬಿಲ್ಲು ಇಷ್ಟವಾದರೆ ಕಳಿಸಿ, ಅಂಕಕ್ಕಾಗಿ ಕಳಿಸಬೇಡಿ.

ಪ್ರಶ್ನೆ: ಗುರಿ ಕಂಡ ಕೂಡಲೇ ಬೆರಳು ತಾನಾಗಿ ಬಿಟ್ಟುಬಿಡುತ್ತದೆ. ಪೂರ್ತಿ ಎಳೆಯಲೂ ಆಗುವುದಿಲ್ಲ. ತಮಾಷೆ ಎಂದರೆ ತರಗತಿಯಲ್ಲೂ ಹೀಗೇ, ಪ್ರಶ್ನೆ ಕೇಳಿ ಮಕ್ಕಳು ಬಾಯಿ ತೆರೆಯುವ ಮುಂಚೆ ನಾನೇ ಉತ್ತರ ಹೇಳಿಬಿಡುತ್ತೇನೆ. ಎರಡಕ್ಕೂ ಒಂದೇ ಮದ್ದು ಇದೆಯೇ?
— ಟ್ಯುಟೋರಿಯಲ್ ತೆಗೆದುಕೊಳ್ಳುವ ಸಂಶೋಧನಾ ವಿದ್ಯಾರ್ಥಿ

ಉತ್ತರ: ಬಂದ ಪತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು ನಿಮ್ಮದೇ. ಮೊದಲನೆಯದಕ್ಕೆ ಹೆಸರಿದೆ: ಟಾರ್ಗೆಟ್ ಪ್ಯಾನಿಕ್. ಒಬ್ಬೊಬ್ಬರಿಗೆ ಒಂದೊಂದು ರೂಪ. ಕೆಲವರಿಗೆ ಬಾಣದ ತುದಿ ಗುರಿಯ ಕೆಳಗೇ ಅಂಟಿಕೊಂಡು ಮೇಲೇರುವುದಿಲ್ಲ. ಕೆಲವರಿಗೆ ನಿಮ್ಮ ಹಾಗೆ, ಗುರಿ ಕಂಡರೆ ಸಾಕು ಕೈ ಬಿಟ್ಟುಹೋಗುತ್ತದೆ. ವರ್ಷಗಟ್ಟಲೆ ಆಡಿದವರಿಗೂ ಬರುತ್ತದೆ. ಆದ್ದರಿಂದ ನಾಚಿಕೆ ಬೇಡ.

ಮೊದಲು ಬಿಲ್ಲಿನ ಬಲ ನೋಡಿ. ನಿಮ್ಮ ಬಿಲ್ಲನ್ನು ಪೂರ್ತಿ ಎಳೆದು, ನಡುಗದೆ ನಿಧಾನವಾಗಿ ಐದು ಎಣಿಸಲು ಆಗುತ್ತದೆಯೇ? ಇಲ್ಲ ಎಂದರೆ ಅರ್ಧ ಕಾಯಿಲೆ ಅಲ್ಲೇ ಇದೆ. ಭಾರ ತಡೆಯಲಾಗದೆ ಮೈ ಆತುರ ಮಾಡುತ್ತಿದೆ. ಐದಾರು ಪೌಂಡ್ ಇಳಿಸಿ. ಗಂಡಸರಿಗೆ ಈ ಮಾತು ಹೇಳಿದರೆ ಮುಖ ಸಪ್ಪೆಯಾಗುತ್ತದೆ, ಗೊತ್ತು.

ಆಮೇಲೆ ಗುರಿಯ ಹಾಳೆ ತೆಗೆದುಹಾಕಿ. ಬಾಣ ತಡೆಯುವ ಬರಿಯ ಹುಲ್ಲಿನ ಒರಗಿನ ಮುಂದೆ ಮೂರು ಮೀಟರ್ ದೂರ ನಿಲ್ಲಿ. ಎಳೆಯುವ ಮುಂಚೆಯೇ ನಿರ್ಧರಿಸಿ: ಈ ಬಾಣ ಬಿಡುತ್ತೇನಾ, ಇಳಿಸುತ್ತೇನಾ? ಇಳಿಸುವುದೇ ಜಾಸ್ತಿ ಇರಲಿ. ಎಳೆದು, ಬೆರಳು ತುಟಿಯ ಅಂಚಿಗೆ ತಾಗಿ, ಗರಿ ಮೂಗಿನ ತುದಿಗೆ ತಾಗಿದ ಮೇಲೂ ಇಳಿಸಿ. ಕ್ಲಿಕರ್ ಇಲ್ಲದ ನಮಗೆ ಮೂಗಿಗೆ ತಾಗುವ ಆ ಗರಿಯೇ ಕ್ಲಿಕರ್. ಅದು ತಾಗುವ ತನಕ ಬಿಡುವ ಯೋಚನೆಯೇ ಬೇಡ. ಇದಕ್ಕೆ ವಾರಗಳು ಹಿಡಿಯುತ್ತವೆ. ನಡುವೆ ಒಂದು ದಿನ ಆಸೆಯಾಗಿ ದೂರದ ಗುರಿಗೆ ಹೋದರೆ ಮತ್ತೆ ಮೊದಲಿನಿಂದ.

ಈಗ ತರಗತಿ. ಒಂದೇ ಮದ್ದು ಎಂದು ಹೇಳಲಾರೆ. ಆದರೆ ಬಿಲ್ಲಿನಿಂದ ನನ್ನ ಪಾಠಕ್ಕೆ ಬಂದಿದ್ದು ಒಂದಿದೆ: ಒಂದು ಸಲಕ್ಕೆ ಒಂದೇ ತಿದ್ದುಪಡಿ. ಒಳ್ಳೆಯ ಕೋಚ್ ಒಂದು ಸುತ್ತಿನ ಬಾಣಗಳಲ್ಲಿ ಹತ್ತು ಕೊರತೆ ಕಂಡರೂ ಒಂದನ್ನೇ ಹೇಳುತ್ತಾರೆ. ಎಳೆಯುತ್ತಿರುವವಳ ತಲೆಯಲ್ಲಿ ಎರಡನೆಯದಕ್ಕೆ ಜಾಗ ಇರುವುದಿಲ್ಲ. ರೆಕಾರ್ಡ್ ಪುಸ್ತಕದಲ್ಲೂ ನಾನು ಹಾಗೇ ಮಾಡುತ್ತೇನೆ. ಈ ವಾರ ಯೂನಿಟ್ ಮಾತ್ರ. ಮುಂದಿನ ವಾರ ಗ್ರಾಫಿನ ಅಳತೆ. ಪುಟ ತುಂಬ ಕೆಂಪು ಗೀಚಿದರೆ ಮಕ್ಕಳು ಅಂಕ ನೋಡಿ ಪುಸ್ತಕ ಮುಚ್ಚುತ್ತಾರೆ. ನನ್ನ ಕಣ್ಣಿಗೂ ಬೆರಳಿಗೂ ಉಳಿತಾಯ.

ಹೇಳುವ ರೀತಿಯೂ ಮುಖ್ಯ. ಗೇಬ್ರಿಯಲ್ ವುಲ್ಫ್ ಎಂಬ ಸಂಶೋಧಕಿ 1998ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಒಂದು ಪ್ರಯೋಗ ಪ್ರಕಟಿಸಿದರು. ಸ್ಕೀ ಆಟದಂತೆ ಪಕ್ಕದಿಂದ ಪಕ್ಕಕ್ಕೆ ಜಾರುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿದರು. ಕೆಲವರಿಗೆ ಕಾಲಿನ ಮೇಲೆ ಗಮನ ಇಡಿ ಎಂದರು. ಕೆಲವರಿಗೆ ಕಾಲ ಕೆಳಗಿನ ಹಲಗೆಯ ಚಕ್ರಗಳ ಮೇಲೆ ಗಮನ ಇಡಿ ಎಂದರು. ಚಕ್ರದ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ನನ್ನ ಕೋಚ್ ಇದನ್ನು ಓದಿದವರಲ್ಲ. ಆದರೂ "ಮೊಣಕೈ ಎತ್ತು" ಎನ್ನುವುದಿಲ್ಲ, "ಹಿಂದಿನ ಗೋಡೆಗೆ ಕೈ ಮುಟ್ಟಿಸು" ಎನ್ನುತ್ತಾರೆ. ನಾನೂ ಲೋಲಕದ ಪ್ರಯೋಗದಲ್ಲಿ "ಸ್ಟಾಪ್‌ವಾಚ್ ಬೇಗ ಒತ್ತು, ಎಚ್ಚರವಾಗಿರು" ಎನ್ನುವುದಿಲ್ಲ. ಹಿಂದೆ ಒಂದು ಹಾಳೆ ನಿಲ್ಲಿಸಿ, ಗುಂಡು ನಿಲ್ಲುವ ಜಾಗದಲ್ಲಿ ಗೆರೆ ಎಳೆದು, "ಗುಂಡು ಗೆರೆ ದಾಟಿದಾಗ ಒತ್ತು" ಎನ್ನುತ್ತೇನೆ. ಅಲ್ಲೇ ಗುಂಡಿನ ವೇಗ ಜಾಸ್ತಿ, ಹಾಗಾಗಿ ದಾಟಿದ ಕ್ಷಣ ಸ್ಪಷ್ಟ. ತುದಿಯಲ್ಲಿ ಅದು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಯಾವಾಗ ಒತ್ತಬೇಕೋ ತಿಳಿಯುವುದಿಲ್ಲ.

ನಿಮಗೂ ಅಂಥ ಒಂದು ಗೆರೆ ಹುಡುಕಿಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಹಿಂದಿನ ಬೆಂಚಿನ ತನಕ ನಡೆದುಹೋಗಿ ವಾಪಸ್ ಬನ್ನಿ. ಅಲ್ಲಿಯವರೆಗೆ ಬಾಯಿ ತೆರೆಯಬೇಡಿ. "ತಾಳ್ಮೆಯಿಂದಿರಬೇಕು" ಎಂದು ನಿಮಗೆ ನೀವೇ ಹೇಳಿಕೊಂಡರೆ ಕೆಲಸ ಆಗುವುದಿಲ್ಲ.

ಪ್ರಶ್ನೆ: ಮಗಳು ಪಿಎಚ್‌ಡಿಗೆ ಸೇರಿದ್ದಾಳೆ. ಈಗ ಬಿಲ್ಲು ಬೇಕಂತೆ. ಅಪಾಯ ಇಲ್ಲವೇ? ಎಷ್ಟು ಬಲದ್ದು ಕೊಡಿಸಬೇಕು?
— ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲು ಬಿಲ್ಲು ಕೊಡಿಸಬೇಡಿ. ಕಲಿಸುವ ಜಾಗದಲ್ಲಿ ಅವರದೇ ಬಿಲ್ಲಿನಲ್ಲಿ ಕೆಲವು ತಿಂಗಳು ಕಲಿಯಲಿ. ಕೊಳ್ಳುವಾಗ 20ರಿಂದ 25 ಪೌಂಡ್ ಸಾಕು. ಬಿಚ್ಚಿ ಜೋಡಿಸುವ ಟೇಕ್‌ಡೌನ್ ಬಿಲ್ಲಾದರೆ ಮುಂದೆ ರೆಕ್ಕೆ ಮಾತ್ರ ಬದಲಿಸಬಹುದು. ತಂತಿಯ ಪೆಟ್ಟಿನಿಂದ ಕೈ ಕಾಯುವ ಆರ್ಮ್ ಗಾರ್ಡ್, ಬೆರಳು ಕಾಯುವ ಟ್ಯಾಬ್ ತಪ್ಪದೆ ಇರಲಿ. ಎಲ್ಲರೂ ಬಿಟ್ಟು ಮುಗಿಸುವ ತನಕ ಬಾಣ ಬಿಡಲು ನಿಲ್ಲುವ ಗೆರೆ ದಾಟಬಾರದು, ಬಾಣ ತರಲು ಓಡಬಾರದು. ಪ್ರತಿ ಸಲ ಹೂಡುವ ಮುಂಚೆ ಬಾಣದಲ್ಲಿ ಸೀಳು ಇದೆಯಾ ನೋಡಬೇಕು. ಸೀಳಿದ ಬಾಣ ತಂತಿಯ ಮೇಲೆ ಮುರಿದರೆ ಕೈಗೇ ಹೊಕ್ಕುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಲ್ಲು ಬಿಡಬಾರದು, ಪದರ ಬಿಟ್ಟುಕೊಳ್ಳುತ್ತದೆ. ಈ ನಿಯಮಗಳನ್ನು ಪಾಲಿಸುವ ಜಾಗವಾದರೆ ಹೆದರಬೇಡಿ. ಪಾಲಿಸದ ಜಾಗವಾದರೆ ಎಷ್ಟೇ ಒಳ್ಳೆ ಹೆಸರಿದ್ದರೂ ಕರೆದುಕೊಂಡು ಬನ್ನಿ.

ಪ್ರಶ್ನೆ: ಕಾಂಪೌಂಡ್ ಬಿಲ್ಲು ಇದ್ದರೆ ಅಭ್ಯಾಸ ಕಡಿಮೆ ಸಾಕಲ್ಲವೇ? ಸಮಯ ಇಲ್ಲದವರು ಅದನ್ನೇ ಹಿಡಿಯಬಹುದಲ್ಲ?
— ಇಂಜಿನಿಯರ್ ಓದುಗ

ಉತ್ತರ: ಹಿಡಿಯಬಹುದು. ಗುರಿ ಬೇಗ ಸಿಗುತ್ತದೆ. ಆ ಬಿಲ್ಲಿನ ತುದಿಗಳಲ್ಲಿರುವ ಚಕ್ರಗಳಿಂದಾಗಿ ಪೂರ್ತಿ ಎಳೆದಾಗ ಕೈ ಮೇಲಿನ ಭಾರವೂ ಬಹಳ ಇಳಿಯುತ್ತದೆ. ಒಳ್ಳೆಯ ಯಂತ್ರ. ನನಗೆ ಇಡೀ ದಿನ ಲ್ಯಾಬಿನಲ್ಲಿ ಯಂತ್ರಗಳ ಸ್ಕ್ರೂ ತಿರುಗಿಸಿ ಸಾಕಾಗಿರುತ್ತದೆ, ಅಷ್ಟೇ.

ಪ್ರಶ್ನೆ: ಪರೀಕ್ಷೆ, ವ್ಯಾಲ್ಯುಯೇಶನ್, ನಮ್ಮದೇ ಥೀಸಿಸ್ ಕೆಲಸ ಎಲ್ಲ ಒಟ್ಟಿಗೆ ಬಂದಾಗ ವಾರಗಟ್ಟಲೆ ಬಿಲ್ಲು ಮುಟ್ಟಲು ಆಗುವುದಿಲ್ಲ. ಕಲಿತದ್ದು ಹೋಗಿಬಿಡುತ್ತದಾ?
— ಹೆಸರು ಬೇಡ ಎಂದ ಓದುಗರು

ಉತ್ತರ: ಹೋಗುವುದಿಲ್ಲ. ಕಡಿಮೆಯಾಗುವುದು ಭುಜದ ಬಲ, ರೀತಿ ಅಲ್ಲ. ಅಪಾಯ ಇರುವುದು ಬಿಟ್ಟ ವಾರಗಳಲ್ಲಿ ಅಲ್ಲ, ವಾಪಸ್ ಬಂದ ಮೊದಲ ದಿನದಲ್ಲಿ. ಭುಜ ಸೋತಿರುತ್ತದೆ, ಆಸೆ ಸೋತಿರುವುದಿಲ್ಲ. ಹಳೆಯ ಲೆಕ್ಕದಲ್ಲೇ ಬಾಣ ಬಿಟ್ಟು ಭುಜ ನೋಯಿಸಿಕೊಂಡವರು ನಮ್ಮ ಗುಂಪಿನಲ್ಲೇ ಇದ್ದಾರೆ.

ವ್ಯಾಲ್ಯುಯೇಶನ್ ವಾರಗಳಲ್ಲಿ ನಾನು ಮಾಡುವುದು ಇಷ್ಟು. ವ್ಯಾಯಾಮದ ರಬ್ಬರ್ ಪಟ್ಟಿಯೊಂದು ಕುರ್ಚಿಗೆ ನೇತಾಡುತ್ತಿರುತ್ತದೆ. ಒಂದು ಕಟ್ಟು ಪೇಪರ್ ಮುಗಿದಾಗ ಎದ್ದು ನಿಂತು, ಬಿಲ್ಲಿನಂತೆಯೇ ಎಳೆದು, ಬೆನ್ನಿನ ಮೇಲಿನ ಎರಡೂ ಹೆಗಲ ಎಲುಬುಗಳು ಹತ್ತಿರ ಬರುವ ತನಕ ಹಿಡಿದು ಇಳಿಸುತ್ತೇನೆ. ಎರಡೂ ಬದಿಗೆ ಸಮ ಮಾಡುತ್ತೇನೆ, ಒಂದೇ ಬದಿ ಎಳೆದೂ ಎಳೆದೂ ಬೆನ್ನು ಓರೆಯಾಗುವುದು ಬೇಡ. ನಡುವೆ ಕಿಟಕಿಯಿಂದ ದೂರದ ಮರದ ಒಂದು ಎಲೆ ಹುಡುಕಿ ಸ್ವಲ್ಪ ಹೊತ್ತು ನೋಡುತ್ತೇನೆ. ಕಣ್ಣಿಗೆ ಅದು ಬೇಕು.

ವಾಪಸ್ ಹೋಗುವಾಗ ಹಗುರ ರೆಕ್ಕೆ ಹಾಕಿಕೊಳ್ಳಿ, ಹತ್ತಿರ ನಿಲ್ಲಿ. ಮೊದಲ ವಾರ ಹಿಂದೆ ಬಿಡುತ್ತಿದ್ದುದರ ಅರ್ಧದಷ್ಟು ಬಾಣ. ತಂತಿಗೆ ಮೇಣ ಹಚ್ಚಿ, ಎಲ್ಲಾದರೂ ಎಳೆ ಕಿತ್ತಿದೆಯಾ ನೋಡಿ. ಕಿತ್ತಿದ್ದರೆ ಹೊಸ ತಂತಿ ಹಾಕಿ. ಬ್ರೇಸ್ ಹೈಟ್, ಅಂದರೆ ಹಿಡಿಯಿಂದ ತಂತಿಗೆ ಇರುವ ದೂರ, ಅಳೆದು ನೋಡಿ. ಹೊಸ ತಂತಿ ಮೊದಮೊದಲು ಹಿಗ್ಗುತ್ತದೆ, ಹಿಗ್ಗಿದಂತೆ ಈ ದೂರ ಕಡಿಮೆಯಾಗಿ ಬಾಣದ ನಡತೆ ಬದಲಾಗುತ್ತದೆ. ತಂತಿಗೆ ನಾಲ್ಕಾರು ತಿರುವು ಹಾಕಿ ಗಿಡ್ಡ ಮಾಡಿದರೆ ಸರಿಹೋಗುತ್ತದೆ.

ಥೀಸಿಸ್ ಸಲ್ಲಿಸುವ ಕೊನೆಯ ತಿಂಗಳಿಗೆ ಮಾತ್ರ ಯಾವ ಉಪಾಯವೂ ಹೇಳಲಾರೆ. ಆ ತಿಂಗಳು ಬಿಲ್ಲನ್ನು ಸ್ನೇಹಿತರ ಮನೆಯಲ್ಲಿ ಇಟ್ಟುಬಿಡಿ.